ಸಹಿ ಹಾಕಿಸಿಕೊಂಡರೆ ತರಬೇತಿ ಆಯ್ತಾ?

ಪ್ರಶ್ನೆ: ನನಗೆ 23 ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ಬೆಳಗಾವಿ ಹತ್ತಿರದ ಒಂದು ದೊಡ್ಡ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಇನ್ನೂ ಟ್ರೇನಿ ಅಂತಲೇ ಇದ್ದೇನೆ. ನನ್ನ ಜೊತೆ ಸೇರಿದ ನಾಲ್ವರು ಹುಡುಗರನ್ನು ಪರ್ಮನೆಂಟ್ ಮಾಡಿದರು. ನಾವು ಮೂವರು ಹುಡುಗಿಯರಿಗೆ ಮಾತ್ರ ಇನ್ನೊಂದು ವರ್ಷದ ಟ್ರೇನಿಂಗ್ ಲೆಟರ್ ಕೊಟ್ಟರು. ನಿಜವಾದ ಟ್ರೇನಿಂಗ್ ಆಗಿದ್ದು ಮೊದಲ ಮೂರು ದಿನ. ವರ್ಷಕ್ಕೊಮ್ಮೆ ಕಂಪ್ಯೂಟರ್ ಮುಂದೆ ಕೂರಿಸಿ ನೀತಿ ನಿಯಮದ ಪಾಠ ಇಂಗ್ಲಿಷಿನಲ್ಲಿ ತೋರಿಸುತ್ತಾರೆ, ಕೊನೆಗೆ ಸಹಿ ಮಾಡುತ್ತೇವೆ. ಎರಡು ತಿಂಗಳ ಹಿಂದೆ, ತಿಂಗಳ ಕೊನೆಯ ಡಿಸ್ಪ್ಯಾಚ್ ಗಡಿಬಿಡಿಯಲ್ಲಿ, ನಮ್ಮ ಸೂಪರ್‌ವೈಸರ್ "ಎಲ್ಲಾ ಲಿಮಿಟ್‌ನ್ಯಾಗ ಐತಿ ಅಂತ ಬರದ್ ಹಾಕು" ಅಂದರು. ಅಳತೆ ಮಾಡದೆ ರೀಡಿಂಗ್ ಬರೆದು ಸಹಿ ಮಾಡಿದೆ. ಮುಂದಿನ ತಿಂಗಳು ಮತ್ತೆ ಹೇಳಿದಾಗ ಆಗಲ್ಲ ಅಂದೆ. ಅಂದಿನಿಂದ ನನ್ನನ್ನು ಪ್ಯಾಕಿಂಗ್‌ಗೆ ಹಾಕಿದ್ದಾರೆ. ಬಿಟ್ಟು ಹೋಗೋಣ ಅಂದರೆ ಮೂರು ವರ್ಷಕ್ಕೆ ಒಂದೂವರೆ ಲಕ್ಷದ ಬಾಂಡ್ ಇದೆ, ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಅವರ ಹತ್ತಿರ ಇವೆ. "ದೊಡ್ಡ ಮಂದಿ ಜೋಡಿ ಜಗಳ ಬ್ಯಾಡವ್ವಾ" ಅಂತಾರೆ ಅಪ್ಪ. ನಾನೇನು ಮಾಡಲಿ?
(ಹೆಸರು ಬೇಡ, ಕಿತ್ತೂರು ಕಡೆಯವಳು)

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ನಾಲ್ಕು ಸಹಿಗಳಿವೆ. ಟ್ರೇನಿಂಗ್ ಲೆಟರ್ ಮೇಲೆ ಒಂದು. ಬಾಂಡ್ ಮೇಲೆ ಒಂದು. ನೀತಿ ಪಾಠದ ಕೊನೆಗೆ ಒಂದು. ಅಳತೆ ಮಾಡದ ಇನ್‌ಸ್ಪೆಕ್ಷನ್ ರಿಪೋರ್ಟಿನ ಮೇಲೆ ಒಂದು. ಸೂಪರ್‌ವೈಸರ್ ಬಾಯಲ್ಲಿ ಹೇಳಿದ ಮಾತು ಯಾವ ಕಾಗದದ ಮೇಲೂ ಇಲ್ಲ. ನಿಮ್ಮ ಹೆಸರು ಮಾತ್ರ ಎಲ್ಲಾ ಕಡೆ ಇದೆ. ನಾನು ಕಾರ್ಖಾನೆಗಳ ತರಬೇತಿ ವಿಭಾಗದಲ್ಲೇ ಆಯುಷ್ಯ ಕಳೆದವನು. ಇಂಥ ಸಹಿಗಳನ್ನು ನಾನೂ ಸಾಕಷ್ಟು ಹಾಕಿಸಿಕೊಂಡಿದ್ದೇನೆ. ಹಾಗಾಗಿ ಅವುಗಳ ಬಲ ಎಷ್ಟು, ಪೊಳ್ಳು ಎಷ್ಟು ಅಂತ ಹೇಳಬಲ್ಲೆ.

ನಿಮ್ಮ ಪತ್ರದ ಅರ್ಧಕ್ಕಿಂತ ಜಾಸ್ತಿ ಭಾಗ ಬಾಂಡ್, ಟ್ರೇನಿ ಹೆಸರು, ಪ್ಯಾಕಿಂಗ್ ಬಗ್ಗೆ ಇದೆ. ಅದೆಲ್ಲಕ್ಕೂ ಬರುತ್ತೇನೆ. ಆದರೆ ಮೊದಲು ಆ ರಿಪೋರ್ಟ್. ಯಾಕೆಂದರೆ ಆ ಮಾಲು ಈಗ ಹೊರಗೆ ಹೋಗಿದೆ.

ನಿಮ್ಮ ಕಂಪನಿ ಏನು ತಯಾರಿಸುತ್ತದೆ ಅಂತ ನೀವು ಬರೆದಿಲ್ಲ. ಬೆಳಗಾವಿಯ ಉದ್ಯಮಬಾಗ್, ಮಚ್ಛೆ ಕಡೆ ಫೌಂಡ್ರಿ, ಮಶೀನ್ ಶಾಪ್, ಹೈಡ್ರಾಲಿಕ್ಸ್ ಜಾಸ್ತಿ. ಆದ್ದರಿಂದ ಒಂದು ಹೈಡ್ರಾಲಿಕ್ ವಾಲ್ವ್ ಅಂತಲೇ ಇಟ್ಟುಕೊಳ್ಳೋಣ. ಅದರ ಸ್ಪೂಲ್ (ಒಳಗೆ ಜಾರುವ ದಂಡ) ಮತ್ತು ಬೋರ್ (ಆ ದಂಡ ಕೂರುವ ರಂಧ್ರ) ನಡುವಿನ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಸಂದು ಜಾಸ್ತಿಯಾದರೆ ಎಣ್ಣೆ ಸೋರಿ, ಎತ್ತಿದ ಭಾರ ನಿಧಾನಕ್ಕೆ ಕೆಳಗಿಳಿಯುತ್ತದೆ. ಕಡಿಮೆಯಾದರೆ ಸ್ಪೂಲ್ ನಡುವೆಯೇ ಸಿಕ್ಕಿಹಾಕಿಕೊಳ್ಳುತ್ತದೆ. ಕಣ್ಣಿಗೆ ಎರಡೂ ಕಾಣುವುದಿಲ್ಲ. ಅದಕ್ಕೇ ಅಲ್ವಾ ಬೋರ್ ಗೇಜ್, ಮೈಕ್ರೋಮೀಟರ್, ಮತ್ತು ಅದನ್ನು ಹಿಡಿಯಲು ನೀವು ಇರುವುದು. ಎತ್ತಿದ ಟಿಪ್ಪರ್ ಟ್ರಾಲಿ ಕೆಳಗೆ ನಿಂತು ಗ್ರೀಸ್ ಹಚ್ಚುವ ಹುಡುಗನಿಗೆ ನಿಮ್ಮ ಪರಿಚಯ ಇಲ್ಲ. ಆದರೂ ಅವನು ನಿಮ್ಮ ರೀಡಿಂಗ್ ನಂಬಿಕೊಂಡೇ ಅಲ್ಲಿ ನಿಂತಿದ್ದಾನೆ.

ಜಪಾನಿನ ಕೋಬೆ ಸ್ಟೀಲ್ ಕಂಪನಿ 2017ರ ಅಕ್ಟೋಬರ್‌ನಲ್ಲಿ ಒಂದು ವಿಷಯ ಒಪ್ಪಿಕೊಂಡಿತು. ಅಲ್ಯೂಮಿನಿಯಂ, ತಾಮ್ರದ ಮಾಲುಗಳ ಗುಣಮಟ್ಟದ ಅಂಕಿಗಳನ್ನು ತಿದ್ದಿ ಗ್ರಾಹಕರಿಗೆ ಕಳಿಸಿದ್ದೆವು ಅಂತ. ಸುಮಾರು 500 ಗ್ರಾಹಕ ಕಂಪನಿಗಳಿಗೆ ಆ ಮಾಲು ಹೋಗಿತ್ತು, ಕಾರು ತಯಾರಿಸುವವರೂ ಅದರಲ್ಲಿದ್ದರು. ತನಿಖೆ ಮಾಡಿದಾಗ ಕೆಲವು ಕಡೆ ಈ ಅಭ್ಯಾಸ 1970ರ ದಶಕದಿಂದಲೇ ಇತ್ತು ಅಂತ ಗೊತ್ತಾಯಿತು. ಅಷ್ಟು ವರ್ಷ ಅಲ್ಲಿ ಎಷ್ಟು ಹೊಸಬರು ಬಂದಿರಬೇಕು, ಎಷ್ಟು ಹಿರಿಯರು "ಬರೆದು ಹಾಕು" ಅಂದಿರಬೇಕು ಯೋಚಿಸಿ. ಮೊದಲ ಸಲ ಬರೆದವನಿಗೆ ಅದು ಒಂದು ದಿನದ ಗಡಿಬಿಡಿ ಅಂತಲೇ ಅನಿಸಿರಬೇಕು. ನೀವು ಎರಡನೇ ಸಲಕ್ಕೇ ನಿಲ್ಲಿಸಿದ್ದೀರಿ. ಇದು ದೊಡ್ಡ ಮಾತು. ಪ್ಯಾಕಿಂಗ್ ಟೇಬಲ್ ಮುಂದೆ ನಿಂತಾಗ ಇದನ್ನು ಮರೆಯಬೇಡಿ.

ಈಗ ಮೊದಲ ಸಲ ಬರೆದದ್ದನ್ನು ಸರಿ ಮಾಡಬೇಕು. ಕ್ವಾಲಿಟಿ ವಿಭಾಗದ ಮುಖ್ಯಸ್ಥರಿಗೆ ಒಂದು ಚಿಕ್ಕ ಪತ್ರ ಕೊಡಿ. ಕಂಪನಿ ಇಮೇಲ್ ಇದ್ದರೆ ಅದರಲ್ಲಿ ಕಳಿಸಿ. ಇಲ್ಲದಿದ್ದರೆ ಕೈಯಲ್ಲಿ ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ "ತಲುಪಿದೆ" ಅಂತ ದಿನಾಂಕ ಸಮೇತ ಸಹಿ ತೆಗೆದುಕೊಳ್ಳಿ. ಹೆಚ್ಚು ಬರೆಯುವುದು ಬೇಡ. ಹೀಗಿದ್ದರೆ ಸಾಕು:

"ಮಾನ್ಯರೇ, ಇಂಥ ದಿನಾಂಕದ ಇಂಥ ಲಾಟ್‌ನ ಇನ್‌ಸ್ಪೆಕ್ಷನ್ ರಿಪೋರ್ಟಿನಲ್ಲಿ ನಾನು ಬರೆದ ರೀಡಿಂಗ್‌ಗಳು ನಿಜವಾದ ಅಳತೆಯಿಂದ ಬಂದವಲ್ಲ. ಡಿಸ್ಪ್ಯಾಚ್ ಬೇಗ ಆಗಬೇಕೆಂದು ನನ್ನ ಸೂಪರ್‌ವೈಸರ್ ಹಾಗೆ ಬರೆಯಲು ಹೇಳಿದ್ದರು. ನಾನು ಬರೆದದ್ದು ತಪ್ಪು. ಆ ಲಾಟ್ ಅನ್ನು ಮತ್ತೆ ಪರಿಶೀಲಿಸಬೇಕು, ಗ್ರಾಹಕರಿಗೆ ತಿಳಿಸುವ ಬಗ್ಗೆ ನಿರ್ಧಾರ ತೆಗೆದುಕೊಳ್ಳಬೇಕು ಅಂತ ಕೇಳಿಕೊಳ್ಳುತ್ತೇನೆ. ಮುಂದಿನ ತಿಂಗಳು ಮತ್ತೆ ಹೀಗೇ ಹೇಳಿದಾಗ ನಾನು ಒಪ್ಪಲಿಲ್ಲ."

ಇಷ್ಟೇ. ಬೈಗುಳ ಬೇಡ, ಅಳಲು ಬೇಡ. ಪ್ಯಾಕಿಂಗ್‌ಗೆ ಹಾಕಿದ್ದು, ಪರ್ಮನೆಂಟ್ ಮಾಡದಿದ್ದದ್ದು ಇದರಲ್ಲಿ ಸೇರಿಸಲೇಬೇಡಿ. ನಾನು ನೋಡಿದ ಮಟ್ಟಿಗೆ ಹತ್ತರಲ್ಲಿ ಎಂಟು ದೂರುಗಳು ಹಾಳಾಗುವುದು ಇಲ್ಲೇ. ಮಾಲಿನ ಗುಣಮಟ್ಟದ ವಿಷಯವನ್ನೂ ತನಗಾದ ಅನ್ಯಾಯವನ್ನೂ ಒಂದೇ ಪತ್ರದಲ್ಲಿ ಬರೆದರೆ, "ಪರ್ಮನೆಂಟ್ ಆಗಲಿಲ್ಲ ಅಂತ ಸಿಟ್ಟಿಗೆ ಬರೆದಿದ್ದಾಳೆ" ಅಂತ ಎರಡನ್ನೂ ಪಕ್ಕಕ್ಕೆ ಇಡುತ್ತಾರೆ. ಎರಡು ವಿಷಯ, ಎರಡು ಪತ್ರ, ಎರಡು ದಾರಿ.

ಇನ್ನೊಂದು ಎಚ್ಚರಿಕೆ. ಡ್ರಾಯಿಂಗ್ ಫೋಟೊ ತೆಗೆಯಬೇಡಿ, ಕಂಪನಿಯ ಕಾಗದ ಮನೆಗೆ ತರಬೇಡಿ. ಅದು ಬೇರೆಯೇ ತಪ್ಪಾಗಿ ನಿಮ್ಮ ಮೇಲೆ ತಿರುಗುತ್ತದೆ. ನಿಮ್ಮದೇ ಒಂದು ಡೈರಿಯಲ್ಲಿ ದಿನಾಂಕ, ಶಿಫ್ಟ್, ಯಾರು ಏನು ಹೇಳಿದರು, ಯಾರು ಹತ್ತಿರ ಇದ್ದರು ಅಂತ ಬರೆದಿಡಿ. ಆಯಾ ದಿನವೇ ಬರೆಯಿರಿ.

ತಾನಾಗಿ ಒಪ್ಪಿಕೊಂಡರೆ ಕೆಲಸ ಹೋಗಲ್ವಾ ಅಂತ ನೀವು ಕೇಳಬಹುದು. ಅಪಾಯ ಇದೆ, ಸುಳ್ಳು ಹೇಳಲಾರೆ. ಆದರೆ ಸುಮ್ನಿರುವುದರಲ್ಲಿ ಅದಕ್ಕಿಂತ ದೊಡ್ಡ ಅಪಾಯ ಇದೆ. ನಾಳೆ ಗ್ರಾಹಕರಿಂದ ಮಾಲು ವಾಪಸ್ ಬಂತು ಅಂದುಕೊಳ್ಳಿ. ಲಾಟ್ ನಂಬರ್ ಹಿಡಿದು ಹುಡುಕುತ್ತಾರೆ, ರಿಪೋರ್ಟ್ ಸಿಗುತ್ತದೆ, ಸಹಿ ನಿಮ್ಮದು. ಸೂಪರ್‌ವೈಸರ್ "ನಾನು ಹೇಳೇ ಇಲ್ಲ" ಅಂದುಬಿಟ್ಟರೆ ಮುಗಿಯಿತು. ನೀತಿ ಪಾಠ ಕೇಳಿದ್ದೇನೆ ಅಂತ ನೀವು ಹಾಕಿದ ಸಹಿಯನ್ನೂ ಆಗ ಹೊರಗೆ ತೆಗೆಯುತ್ತಾರೆ.

ಇದು ಬರೀ ಊಹೆಯಲ್ಲ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ಕಥೆ ನೋಡಿ. ಒಬ್ಬೊಬ್ಬ ಗ್ರಾಹಕನಿಗೂ ಎಂಟು ಬಗೆಯ ಖಾತೆ, ಕಾರ್ಡು ಮಾರಬೇಕು ಅನ್ನುವ ಗುರಿ ಅಲ್ಲಿತ್ತು. ಗುರಿ ಮುಟ್ಟದೆ ನೌಕರರು ಗ್ರಾಹಕರಿಗೆ ಗೊತ್ತಿಲ್ಲದಂತೆ ಖಾತೆ ತೆರೆದರು. 2016ರ ಸೆಪ್ಟೆಂಬರ್‌ನಲ್ಲಿ ಬೆಳಕಿಗೆ ಬಂದಾಗ ಅಂಥವು ಸುಮಾರು 20 ಲಕ್ಷ ಇರಬಹುದು ಅಂತ ಲೆಕ್ಕ ಹಾಕಿದರು. ದಂಡ 18.5 ಕೋಟಿ ಡಾಲರ್. ಕೆಲಸ ಕಳೆದುಕೊಂಡವರು ಸುಮಾರು 5,300 ಜನ, ಹೆಚ್ಚಿನವರು ಕೆಳಗಿನ ಹಂತದವರೇ. ಆ ಬ್ಯಾಂಕಿನಲ್ಲಿ ನೀತಿ ಪಾಠ ಇರಲಿಲ್ಲವಾ? ಇತ್ತು. ದೂರು ಹೇಳಲು ಫೋನ್ ನಂಬರ್ ಕೂಡ ಇತ್ತು. ಬೆಳಿಗ್ಗೆ ಪಾಠದಲ್ಲಿ ಸುಳ್ಳು ಖಾತೆ ತೆರೆಯಬೇಡಿ ಅನ್ನುವುದು, ಸಂಜೆ ಗುರಿ ಮುಟ್ಟಿದೆಯಾ ಅಂತ ಮೇಜು ಕುಟ್ಟುವುದು. ನೌಕರ ಯಾವುದನ್ನು ಕಲಿಯುತ್ತಾನೆ? ಸಂಜೆಯ ಪಾಠವನ್ನೇ. ನಿಮ್ಮ ಶಾಪ್ ಫ್ಲೋರಿನಲ್ಲಿ ತಿಂಗಳ ಕೊನೆಗೆ ಆಗುತ್ತಿರುವುದೂ ಇದೇ.

ಅದೇ ಬ್ಯಾಂಕಿನ ಇನ್ನೊಂದು ವಿಷಯವನ್ನೂ ಹೇಳಬೇಕು. ಅಕ್ರಮದ ಬಗ್ಗೆ ದೂರು ಹೇಳಿ ಕೆಲಸ ಕಳೆದುಕೊಂಡ ಒಬ್ಬ ಮ್ಯಾನೇಜರನ್ನು ವಾಪಸ್ ತೆಗೆದುಕೊಳ್ಳಬೇಕು, ಸುಮಾರು 54 ಲಕ್ಷ ಡಾಲರ್ ಕೊಡಬೇಕು ಅಂತ 2017ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆ ಆದೇಶ ಮಾಡಿತು. ಬರೆದಿಟ್ಟ ದೂರು ಇದ್ದರೆ ಹೀಗೂ ಆಗುತ್ತದೆ.

ನಮ್ಮಲ್ಲಿ ಏನಿದೆ? 2013ರ ಕಂಪನಿ ಕಾಯ್ದೆಯ 177ನೇ ಕಲಮು. ಷೇರು ಮಾರುಕಟ್ಟೆಯಲ್ಲಿರುವ ಕಂಪನಿ, ಜನರಿಂದ ಠೇವಣಿ ಪಡೆಯುವ ಕಂಪನಿ, ಬ್ಯಾಂಕುಗಳಿಂದ 50 ಕೋಟಿಗಿಂತ ಜಾಸ್ತಿ ಸಾಲ ತೆಗೆದ ಕಂಪನಿ, ಈ ಮೂರೂ ಬಗೆಯವು ಒಳಗಿನ ಅಕ್ರಮದ ಬಗ್ಗೆ ನೌಕರರು ದೂರು ಕೊಡುವ ಒಂದು ವ್ಯವಸ್ಥೆ ಇಡಲೇಬೇಕು. ಅದಕ್ಕೆ ಕಂಪನಿಯವರು ವಿಜಿಲ್ ಮೆಕ್ಯಾನಿಸಂ ಅಥವಾ ವಿಸಲ್ ಬ್ಲೋವರ್ ಪಾಲಿಸಿ ಅನ್ನುತ್ತಾರೆ. ದೂರು ಕೊಟ್ಟವರಿಗೆ ತೊಂದರೆ ಕೊಡಬಾರದು ಅಂತ ಕಾಯ್ದೆಯಲ್ಲೇ ಇದೆ. ಆಡಿಟ್ ಸಮಿತಿ ಇರುವ ಕಂಪನಿಯಲ್ಲಿ, ಅಗತ್ಯ ಬಿದ್ದರೆ ನೇರವಾಗಿ ಅದರ ಅಧ್ಯಕ್ಷರಿಗೇ ಬರೆಯಬಹುದು. ದೊಡ್ಡ ಕಂಪನಿ ಅಂದಿದ್ದೀರಿ. ಹಾಗಾದರೆ ಅವರ ವೆಬ್‌ಸೈಟಿನಲ್ಲಿ ಈ ಪಾಲಿಸಿ ಇರಬೇಕು. ಕ್ವಾಲಿಟಿ ಮುಖ್ಯಸ್ಥರಿಂದ ಒಂದು ವಾರದಲ್ಲಿ ಉತ್ತರ ಬರದಿದ್ದರೆ, ಅದೇ ಪತ್ರವನ್ನು ಅಲ್ಲಿ ಕೊಟ್ಟ ವಿಳಾಸಕ್ಕೆ ಕಳಿಸಿ.

ಸೂಪರ್‌ವೈಸರ್ ಬಗ್ಗೆಯೂ ಒಂದು ಮಾತು. ಅವರು ಮಾಡಿದ್ದು ತಪ್ಪೇ. ಆದರೆ ಅವರ ಮೇಲೂ ಯಾರೋ ಕೂತು "ಲಾರಿ ಇವತ್ತೇ ಹೊರಡಬೇಕು" ಅಂದಿರುತ್ತಾರೆ. ಪತ್ರದಲ್ಲಿ ಅವರನ್ನು ಕಳ್ಳ ಅನ್ನಬೇಡಿ. ನಡೆದದ್ದನ್ನಷ್ಟೇ ಬರೆಯಿರಿ. ಬುಡ ಎಲ್ಲಿದೆ ಅಂತ ಕಂಪನಿಯೇ ಹುಡುಕಲಿ.

ಇನ್ನು ತರಬೇತಿ. ಇಲ್ಲಿ ನನ್ನ ಬದುಕಿನದೇ ಒಂದು ಘಟನೆ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಫ್ಯಾಕ್ಟರಿಯಲ್ಲಿ ಪವರ್ ಪ್ರೆಸ್ ಮೇಲೆ ಗೋಕಾಕ ಕಡೆಯ ಹುಡುಗನೊಬ್ಬನ ಎರಡು ಬೆರಳು ಹೋದವು. ಅವನು ಬಂದು ಹನ್ನೊಂದು ದಿನ ಆಗಿತ್ತು. ವಿಚಾರಣೆ ನಡೆಯಿತು. ಮೇಜಿನ ಮೇಲೆ ರಿಜಿಸ್ಟರ್ ಬಂತು. "ಸುರಕ್ಷತಾ ತರಬೇತಿ ಕೊಡಲಾಗಿದೆ" ಅನ್ನುವ ಸಾಲಿನ ಮುಂದೆ ಅವನ ಸಹಿ. ಆ ಸಹಿ ಹಾಕಿಸಿದವನು ನಾನು. ಮೊದಲ ದಿನ ಗೇಟಿನ ಹತ್ತಿರ ಮೂವತ್ತು ಜನರನ್ನು ಸಾಲಾಗಿ ನಿಲ್ಲಿಸಿ ಹಾಕಿಸಿದ್ದೆ. ಕಾರ್ಮಿಕನ ಅಜಾಗರೂಕತೆ ಅಂತ ಬರೆದು ಫೈಲ್ ಮುಚ್ಚಿದರು. ಅವನ ಅಪ್ಪ ನನ್ನ ಹತ್ತಿರ ಬಂದು ಕೇಳಿದ್ದು ಇಷ್ಟೇ: "ಸಾಹೇಬ್ರ, ನನ್ನ ಮಗಗ ಇಂಗ್ಲಿಷ್ ಓದಾಕ ಬರೂದಿಲ್ರಿ. ಅಂವ ಏನ್ ಓದಿ ಸಹಿ ಮಾಡ್ಯಾನ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಅದಾದ ಮೇಲೆ ತರಬೇತಿ ಅಂದರೆ ಏನು ಅಂತ ನಾನು ಮೊದಲಿಂದ ಕಲಿಯಬೇಕಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಅಮೆರಿಕದಲ್ಲಿ ಒಂದು ಸರ್ಕಾರಿ ಕಾರ್ಯಕ್ರಮ ನಡೆಯಿತು. ಅದರ ಹೆಸರು ಟ್ರೇನಿಂಗ್ ವಿದಿನ್ ಇಂಡಸ್ಟ್ರಿ. ಅನುಭವಿ ಕೆಲಸಗಾರರು ಯುದ್ಧಕ್ಕೆ ಹೋಗಿದ್ದರು. ಕಾರ್ಖಾನೆಗೇ ಕಾಲಿಡದ ಹೆಂಗಸರು, ಹುಡುಗರು ಮಶೀನ್ ಮುಂದೆ ಬಂದು ನಿಂತಿದ್ದರು. ಅವರಿಗೆ ಬೇಗ, ಸರಿಯಾಗಿ ಕಲಿಸಬೇಕಿತ್ತು. ಅದಕ್ಕೆ ನಾಲ್ಕು ಹೆಜ್ಜೆ ಮಾಡಿದರು. ಮೊದಲು ಕಲಿಯುವವರ ಹೆದರಿಕೆ ಬಿಡಿಸಿ, ಅವರಿಗೆ ಎಷ್ಟು ಗೊತ್ತಿದೆ ಕೇಳುವುದು. ಆಮೇಲೆ ಕೆಲಸವನ್ನು ಒಂದೊಂದೇ ಹಂತವಾಗಿ ಮಾಡಿ ತೋರಿಸುವುದು, ಯಾಕೆ ಹಾಗೆ ಅಂತಲೂ ಹೇಳುವುದು. ಮೂರನೆಯದು ಅವರ ಕೈಯಲ್ಲೇ ಮಾಡಿಸಿ, ಅವರ ಬಾಯಲ್ಲೇ ವಿವರಣೆ ಹೇಳಿಸುವುದು. ಕೊನೆಗೆ ಅವರನ್ನು ಬಿಟ್ಟು, ಯಾರನ್ನು ಕೇಳಬೇಕು ಅಂತ ಹೇಳಿ, ಆಗಾಗ ಬಂದು ನೋಡುವುದು. ಕೆಲಸಗಾರ ಕಲಿತಿಲ್ಲ ಅಂದರೆ ಕಲಿಸಿದವನು ಕಲಿಸಿಲ್ಲ ಅನ್ನುವುದು ಅವರ ಮೂಲ ಮಾತು. ಯುದ್ಧ ಮುಗಿದ ಮೇಲೆ ಈ ಪದ್ಧತಿ ಜಪಾನಿಗೆ ಹೋಯಿತು, ಟೊಯೊಟಾ ಇದನ್ನು ತನ್ನದಾಗಿಸಿಕೊಂಡಿತು. ನಾಲ್ಕೂ ಹೆಜ್ಜೆಯಲ್ಲಿ ಸಹಿ ಎಲ್ಲೂ ಇಲ್ಲ, ಗಮನಿಸಿ.

ಈಗ ನಿಮ್ಮ ಕೆಲಸಕ್ಕೆ ಇದನ್ನು ಇಟ್ಟು ನೋಡಿ. ಬೋರ್ ಗೇಜ್ ಹಿಡಿಯುವುದು, ಅಳತೆ ಪಕ್ಕಾ ಇರುವ ಮಾಸ್ಟರ್ ರಿಂಗ್ ಮೇಲೆ ಸೊನ್ನೆಗೆ ಕೂರಿಸುವುದು, ಭಾಗ ಬಿಸಿ ಇದ್ದರೆ ಅಳತೆ ಹೇಗೆ ತಪ್ಪುತ್ತದೆ, ಲಾಟ್‌ನಿಂದ ಎಷ್ಟು ಭಾಗ ಎತ್ತಿ ನೋಡಬೇಕು, ಎರಡು ರೀಡಿಂಗ್ ಹೊಂದದಿದ್ದರೆ ಯಾರನ್ನು ಕರೆಯಬೇಕು. ಇದನ್ನು ಒಬ್ಬ ಅನುಭವಿ ನಿಮ್ಮ ಪಕ್ಕದಲ್ಲಿ ನಿಂತು ಮಾಡಿಸಬೇಕಿತ್ತು. ನೀತಿ ಪಾಠವೂ ಅಲ್ಲೇ, ಗೇಜಿನ ಜೊತೆಗೇ ಬರಬೇಕಿತ್ತು. "ಲಾರಿ ನಿಂತಿದೆ, ಬರೆದು ಹಾಕು ಅಂತ ಯಾರಾದರೂ ಅಂದರೆ ಏನು ಮಾಡ್ತೀಯಾ? ಈ ನಂಬರಿಗೆ ಫೋನ್ ಮಾಡು, ಕೆಲಸ ನಿಲ್ಲಿಸು, ನಿನ್ನ ಬೆನ್ನಿಗೆ ನಾವಿದ್ದೇವೆ" ಅಂತ ಒಬ್ಬ ದೊಡ್ಡ ಅಧಿಕಾರಿ ಬಂದು, ನಿಮಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕಿತ್ತು. ಇಂಗ್ಲಿಷ್ ಸ್ಲೈಡಿನಲ್ಲಿ "ಇಂಟೆಗ್ರಿಟಿ" ಅನ್ನುವ ಪದದ ಮೇಲೆ ಬಟನ್ ಒತ್ತಿಸಿದರೆ ಆ ಧೈರ್ಯ ಎಲ್ಲಿಂದ ಬರಬೇಕು?

ಭಾಷೆಯ ವಿಷಯ ಹೊಸದೇನಲ್ಲ. ಕಾರ್ಖಾನೆಯ ನಿಯಮಗಳನ್ನು ಇಂಗ್ಲಿಷಿನ ಜೊತೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಗೇಟಿನ ಹತ್ತಿರ ಬೋರ್ಡಿಗೆ ಹಾಕಬೇಕು ಅಂತ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯೇ ಹೇಳಿತ್ತು. 1984ರ ಭೋಪಾಲ್ ದುರಂತದ ಮೇಲೆ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಆರೋಗ್ಯ, ಸುರಕ್ಷತೆಯ ಮಾಹಿತಿ ಕೇಳುವುದು, ಅದಕ್ಕೆ ತರಬೇತಿ ಪಡೆಯುವುದು ಕಾರ್ಮಿಕರ ಹಕ್ಕು ಅಂತ ಅದರಲ್ಲಿ ಬರೆದರು. ಅಷ್ಟು ಜನ ಸತ್ತ ಮೇಲೆ ಬಂದ ಮಾತು ಅದು. ಬೆಳಗಾವಿಯಂಥ ಊರಿನಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಪಾಠ ಮಾಡುವುದು ಕಷ್ಟವೇನಲ್ಲ. ನೀತಿ ನಿಯಮದ ಪುಸ್ತಕದ ಕನ್ನಡ ಪ್ರತಿ ಬೇಕು ಅಂತ ನೀವು ಮೂವರೂ ಸೇರಿ ಕೇಳಿ. ಮುಂದಿನ ಸಲ ಅರ್ಥವಾಗದ ಕಾಗದಕ್ಕೆ ಸಹಿ ಹಾಕಲೇಬೇಕಾದರೆ "ನನಗೆ ಕನ್ನಡದಲ್ಲಿ ವಿವರಿಸಿಲ್ಲ" ಅಂತ ಕೆಳಗೆ ಕನ್ನಡದಲ್ಲೇ ಒಂದು ಸಾಲು ಬರೆದು ಹಾಕಿ.

ಇದೆಲ್ಲ ಬರೀ ಮಾತು, ಯಾವ ಕಂಪನಿ ಹೀಗೆ ನಡೆದುಕೊಳ್ಳುತ್ತದೆ ಅನ್ನಬೇಡಿ. ಬೆಳಗಾವಿಯಲ್ಲೇ ಸುರೇಶ ಹುಂದ್ರೆಯವರು ಕಟ್ಟಿದ ಪಾಲಿಹೈಡ್ರಾನ್ ಎಂಬ ಹೈಡ್ರಾಲಿಕ್ಸ್ ಕಂಪನಿ ಪ್ರಾಮಾಣಿಕ ವ್ಯವಹಾರಕ್ಕೆ, ನೌಕರರ ಮೇಲೆ ನಂಬಿಕೆ ಇಡುವುದಕ್ಕೆ ಹೆಸರಾಯಿತು. ಬೇರೆ ಊರಿನ ಉದ್ಯಮಿಗಳು ಅದನ್ನು ನೋಡಿ ಕಲಿಯಲು ಇಲ್ಲಿಗೆ ಬರುತ್ತಿದ್ದರು.

ನಿಮ್ಮ ಕಂಪನಿ ಷೇರು ಮಾರುಕಟ್ಟೆಯಲ್ಲಿದ್ದರೆ ಇನ್ನೊಂದು ಕೆಲಸ ಮಾಡಿ. ಮಾರುಕಟ್ಟೆ ಮೌಲ್ಯದಲ್ಲಿ ದೇಶದ ಮೊದಲ 1,000 ಲಿಸ್ಟೆಡ್ ಕಂಪನಿಗಳು 2022–23ರಿಂದ ಪ್ರತಿ ವರ್ಷ ಬಿಆರ್‌ಎಸ್‌ಆರ್ ಅನ್ನುವ, ವ್ಯವಹಾರದ ಜವಾಬ್ದಾರಿಯ ಬಗೆಗಿನ ವರದಿ ಕೊಡಬೇಕು ಅಂತ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ನಿಯಮ ಮಾಡಿದೆ. ವಾರ್ಷಿಕ ವರದಿಯ ಜೊತೆಗೇ ಇರುತ್ತದೆ, ಯಾರು ಬೇಕಾದರೂ ಓದಬಹುದು. ಶೇಕಡಾ ಎಷ್ಟು ನೌಕರರಿಗೆ ನೀತಿಯ ಬಗ್ಗೆ ತಿಳಿವಳಿಕೆ ಕೊಟ್ಟರು, ಗಂಡಸರು ಎಷ್ಟು, ಹೆಂಗಸರು ಎಷ್ಟು ಜನಕ್ಕೆ ಕೌಶಲ ಮತ್ತು ಸುರಕ್ಷತೆಯ ತರಬೇತಿ ಕೊಟ್ಟರು, ಪರ್ಮನೆಂಟ್ ಅಲ್ಲದವರು ಎಷ್ಟಿದ್ದಾರೆ, ಎಷ್ಟು ದೂರು ಬಂದವು, ಎಷ್ಟು ಬಾಕಿ ಇವೆ ಎಲ್ಲಾ ಅಲ್ಲಿರುತ್ತದೆ. "ತರಬೇತಿ ಶೇಕಡಾ 100" ಅಂತ ಬರೆದಿದ್ದರೆ ಆ ನೂರರಲ್ಲಿ ನಿಮ್ಮ ಆ ಬಟನ್ ಒತ್ತಿದ ಸಹಿಯೂ ಸೇರಿದೆ. ನಿಮ್ಮ ಎರಡನೇ ಪತ್ರ ಬರೆಯುವಾಗ ಆ ಅಂಕಿ ನೆನಪಿಸಿ, "ನನಗೆ ಸಿಕ್ಕ ತರಬೇತಿ ಮೂರು ದಿನ" ಅಂತ ಮರ್ಯಾದೆಯಿಂದಲೇ ಬರೆಯಬಹುದು. ಹೆಚ್‌ಆರ್‌ನವರು ಇಂಥ ಸಾಲನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಎರಡನೇ ಪತ್ರ ನಿಮ್ಮ ಬಗ್ಗೆ. ಮೊದಲು ನಿಮ್ಮ ಕಾಗದ ಏನು ಅಂತ ತಿಳಿದುಕೊಳ್ಳಿ. 1961ರ ಅಪ್ರೆಂಟಿಸ್ ಕಾಯ್ದೆ ಅಂತ ಒಂದಿದೆ. ಅದರ ಅಡಿ ಸೇರಿದವರ ಒಪ್ಪಂದ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿ ಆಗಿರುತ್ತದೆ, ಅದಕ್ಕೊಂದು ನಂಬರ್ ಇರುತ್ತದೆ. ಡಿಪ್ಲೊಮಾ ಆದವರಿಗೆ ಈ ಅಪ್ರೆಂಟಿಸ್ ಅವಧಿ ಸಾಮಾನ್ಯವಾಗಿ ಒಂದು ವರ್ಷ. 2019ರ ನಿಯಮದಲ್ಲಿ ಅವರಿಗೆ ತಿಂಗಳಿಗೆ ಕನಿಷ್ಠ 8,000 ರೂಪಾಯಿ ಸ್ಟೈಪೆಂಡ್ ಅಂತ ಇಟ್ಟಿದ್ದರು. ಅಪ್ರೆಂಟಿಸ್ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಾಯ್ದೆಯಲ್ಲಿ ಇಲ್ಲ, ನಿಮ್ಮ ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ ಕೊಡಬೇಕು. ನಿಮಗೆ ಅಂಥ ನಂಬರೇ ಇಲ್ಲದಿದ್ದರೆ, ಅಥವಾ ಆ ಒಂದು ವರ್ಷ ಮುಗಿದೇ ಹೋಗಿದ್ದರೆ, ಕಂಪನಿ ಕೊಟ್ಟ "ಟ್ರೇನಿ" ಅನ್ನುವ ಹೆಸರಿಗೆ ಅಷ್ಟು ಬಲ ಇಲ್ಲ. ಹೆಸರಿಗಿಂತ ನೀವು ದಿನವಿಡೀ ಮಾಡುವ ಕೆಲಸ ಏನು ಅನ್ನುವುದು ಮುಖ್ಯವಾಗುತ್ತದೆ. ಎರಡು ವರ್ಷದಿಂದ ರಿಪೋರ್ಟಿಗೆ ಒಬ್ಬರೇ ಸಹಿ ಮಾಡುವವರು ಕಲಿಯುವವರು ಹೇಗಾಗುತ್ತಾರೆ?

ಸಂಬಳದ ಚೀಟಿಯನ್ನೂ ನೋಡಿ. ಅಪ್ರೆಂಟಿಸ್ ಕಾಯ್ದೆಯ ಅಡಿ ಇರುವವರಿಗೆ ಪಿಎಫ್ ಕಡಿತ ಇರುವುದಿಲ್ಲ. ನಿಮ್ಮ ಚೀಟಿಯಲ್ಲಿ ಪಿಎಫ್ ಕಡಿತ ಇದ್ದರೆ, ಕಂಪನಿಯೇ ನಿಮ್ಮನ್ನು ನೌಕರಳು ಅಂತ ಲೆಕ್ಕ ಕೊಟ್ಟಿದೆ ಅಂತಾಯಿತು.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳ ಜಾಗಕ್ಕೆ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ನೌಕರರಿಗೆ ನೇಮಕಾತಿ ಪತ್ರ ಕೊಡಲೇಬೇಕು ಅಂತ ಅದರಲ್ಲಿದೆ. ಪರ್ಮನೆಂಟ್ ಸೌಲಭ್ಯ ತಪ್ಪಿಸಬೇಕು ಅನ್ನುವ ಉದ್ದೇಶದಿಂದ ಜನರನ್ನು ವರ್ಷಗಟ್ಟಲೆ ಬದಲಿ, ತಾತ್ಕಾಲಿಕ ಅಂತ ಇಟ್ಟುಕೊಳ್ಳುವುದು ಅನ್ಯಾಯದ ನಡವಳಿಕೆ ಅಂತ ಹಳೆಯ ಕಾಯ್ದೆಯಲ್ಲಿ ಇತ್ತು, ಹೊಸದರಲ್ಲೂ ಇದೆ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡು ಅಂತ ಸಂಬಳದಲ್ಲಾಗಲಿ, ನೇಮಕದ ಷರತ್ತಿನಲ್ಲಾಗಲಿ ಭೇದ ಮಾಡುವಂತಿಲ್ಲ. ನಾಲ್ವರು ಹುಡುಗರು, ಮೂವರು ಹುಡುಗಿಯರು, ಒಟ್ಟಿಗೆ ಸೇರಿದವರು. ಈ ಲೆಕ್ಕ ತಾನಾಗೇ ಮಾತಾಡುತ್ತದೆ. ಆದರೂ ಮೊದಲೇ "ಭೇದ ಮಾಡಿದ್ದೀರಿ" ಅಂತ ಶುರು ಮಾಡಬೇಡಿ. "ಕನ್ಫರ್ಮ್ ಮಾಡಲು ಇಟ್ಟ ಅಳತೆಗೋಲು ಏನು? ಅದರಲ್ಲಿ ನಮ್ಮ ಮೂವರಿಗೂ ಎಷ್ಟು ಅಂಕ ಬಂತು? ಎಲ್ಲಿ ಕಡಿಮೆ ಬಿದ್ದೆವು?" ಅಂತ ಕೇಳಿ. ಲಿಖಿತವಾಗಿ ಕೇಳಿ. ಮೂವರೂ ಒಟ್ಟಿಗೆ ಸಹಿ ಮಾಡಿ. ಈ ಪ್ರಶ್ನೆಗೆ ಉತ್ತರ ಕೊಡಲು ಆಗದ ಕಂಪನಿ ತಾನೇ ಸಿಕ್ಕಿಬೀಳುತ್ತದೆ.

ಆ ಪತ್ರ ಹೋಗಬೇಕಾದದ್ದು ಕುಂದುಕೊರತೆ ಸಮಿತಿಗೆ. 20 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರುವ ಕಡೆ ಇಂಥ ಸಮಿತಿ ಇರಲೇಬೇಕು. ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು ಸಮ ಸಂಖ್ಯೆಯಲ್ಲಿ ಇರಬೇಕು, ಹೆಂಗಸರಿಗೂ ಜಾಗ ಇರಬೇಕು. ಘಟನೆ ನಡೆದ ಒಂದು ವರ್ಷದೊಳಗೆ ದೂರು ಕೊಡಬಹುದು. 30 ದಿನದಲ್ಲಿ ಅವರು ಮುಗಿಸಬೇಕು. ತೀರ್ಮಾನ ಒಪ್ಪಿಗೆ ಆಗದಿದ್ದರೆ ಅಥವಾ ಸಮಿತಿ ಕೈಕಟ್ಟಿ ಕುಳಿತರೆ 60 ದಿನದೊಳಗೆ ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿಯ ಹತ್ತಿರ ಹೋಗಬಹುದು. ಬೆಳಗಾವಿಯಲ್ಲೇ ಇಲಾಖೆಯ ಕಚೇರಿ ಇದೆ, ಬೆಂಗಳೂರಿಗೆ ಓಡಾಡುವುದು ಬೇಡ. ಪ್ಯಾಕಿಂಗ್‌ಗೆ ಹಾಕಿದ ವಿಷಯ ಈ ಪತ್ರದಲ್ಲಿ ಬರಲಿ, ದಿನಾಂಕ ಸಮೇತ. ನೀವು ಆಗಲ್ಲ ಅಂದ ದಿನ ಯಾವುದು, ಜಾಗ ಬದಲಿಸಿದ ದಿನ ಯಾವುದು ಅಂತ ಎರಡನ್ನೂ ಅಕ್ಕಪಕ್ಕ ಬರೆಯಿರಿ.

ಬಾಂಡ್ ಬಗ್ಗೆ. ಇದು ಬರೀ ಬೆದರಿಕೆ ಕಾಗದ, ಹರಿದು ಹಾಕಿ ಅಂತ ಹೇಳುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಬಾಂಡನ್ನು ಎತ್ತಿಹಿಡಿಯಿತು. ಆದರೆ ಯಾಕೆ ಎತ್ತಿಹಿಡಿಯಿತು ನೋಡಬೇಕು. ಅದು ಸರ್ಕಾರಿ ಬ್ಯಾಂಕು. ಒಬ್ಬರು ಬಿಟ್ಟರೆ ದೇಶಕ್ಕೆಲ್ಲ ಜಾಹೀರಾತು ಕೊಟ್ಟು, ಪರೀಕ್ಷೆ ನಡೆಸಿ ಹೊಸಬರನ್ನು ತೆಗೆದುಕೊಳ್ಳಬೇಕು, ಅದಕ್ಕೆ ಖರ್ಚಿದೆ ಅನ್ನುವುದು ಅಲ್ಲಿ ಮುಖ್ಯವಾಯಿತು. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಬಾಂಡಿನಲ್ಲಿ ಬರೆದ ಮೊತ್ತ ಒಂದು ಮಿತಿ ಅಷ್ಟೇ. ಅದರೊಳಗೆ ನ್ಯಾಯವಾದಷ್ಟು ಪರಿಹಾರ ಮಾತ್ರ ಸಿಗುತ್ತದೆ. ಮೂರು ದಿನದ ಪಾಠಕ್ಕೆ, ಒಂದು ಕಂಪ್ಯೂಟರ್ ಸ್ಲೈಡಿಗೆ ಒಂದೂವರೆ ಲಕ್ಷ ಖರ್ಚಾಯಿತು ಅಂತ ಯಾವ ಲೆಕ್ಕ ತೋರಿಸುತ್ತಾರೆ? "ನನ್ನ ತರಬೇತಿಗೆ ಮಾಡಿದ ಖರ್ಚಿನ ವಿವರ ಕೊಡಿ" ಅಂತ ಒಂದು ಸಾಲು ಬರೆದು ಕೇಳಿಡಿ. ಸಿಟ್ಟಿನಲ್ಲಿ ರಾಜೀನಾಮೆ ಮಾತ್ರ ಬರೆಯಬೇಡಿ. ನೀವಾಗಿ ಬಿಟ್ಟರೆ ಬಾಂಡ್ ಎದ್ದು ಕೂರುತ್ತದೆ. ಅವರೇ ತೆಗೆದರೆ ಏನು ಅಂತ ಬಾಂಡಿನ ಮಾತಿನಲ್ಲೇ ಇರುತ್ತದೆ, ನಿಧಾನಕ್ಕೆ ಓದಿ ನೋಡಿ.

ಮಾರ್ಕ್ಸ್‌ಕಾರ್ಡ್ ವಿಷಯದಲ್ಲಿ ಎರಡು ಮಾತಿಲ್ಲ. ಒರಿಜಿನಲ್ ತಾಳೆ ನೋಡಿ ವಾಪಸ್ ಕೊಡಬೇಕು. ಅದು ನಿಮ್ಮ ಆಸ್ತಿ, ಒತ್ತೆ ಇಟ್ಟ ಬಂಗಾರ ಅಲ್ಲ. ವಾಪಸ್ ಕೊಡಿ ಅಂತ ಪ್ರತ್ಯೇಕ ಪತ್ರ ಬರೆದು ಹದಿನೈದು ದಿನದ ಗಡುವು ಕೊಡಿ. ಕೊಡದಿದ್ದರೆ ಜಿಲ್ಲಾ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಅಲ್ಲಿ ಆದಾಯದ ಲೆಕ್ಕ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಅಪ್ಪನ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. ಮಗಳ ಕೆಲಸ ಹೋದರೆ ಅನ್ನುವ ಹೆದರಿಕೆ ಅವರದು, ಅದು ಸಹಜ. ಮೊದಲ ಪತ್ರ ಕೊಡುವ ಮುಂಚೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳಿ. ಇದರಲ್ಲಿ ಜಗಳದ ಮಾತು ಒಂದೂ ಇಲ್ಲ ಅಂತ ಅವರಿಗೇ ಗೊತ್ತಾಗುತ್ತದೆ. ಉಳಿದ ಇಬ್ಬರು ಹುಡುಗಿಯರ ಅಪ್ಪ ಅಮ್ಮನ ಜೊತೆಯೂ ಅವರು ಮಾತಾಡಲಿ. ಎರಡನೇ ಪತ್ರಕ್ಕೆ ಮೂರು ಸಹಿ ಬೇಕು, ಮೂರು ಮನೆಯ ಒಪ್ಪಿಗೆಯೂ ಬೇಕು.

ಮೊದಲ ಪತ್ರಕ್ಕೆ ಮಾತ್ರ ಉಳಿದ ಮನೆಯವರ ಒಪ್ಪಿಗೆಗಾಗಿ ಕಾಯಬೇಡಿ. ಲಾಟ್ ನಂಬರ್ ನೆನಪಿದೆಯಲ್ಲ? ಈ ವಾರವೇ ಕೊಡಿ.